ರಾತ್ರಿ ಹುಷಾರು ತಪ್ಪಿದರೆ ಯಾವ ಬಾಗಿಲು ತಟ್ಟಬೇಕು?

ತಾಲ್ಲೂಕು ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ, ಅಂದರೆ ತುರ್ತು ಚಿಕಿತ್ಸೆಯ ವಿಭಾಗದಲ್ಲಿ, ನಾನು ನೈಟ್ ಡ್ಯೂಟಿ ಮಾಡಿದ್ದು ಹೆಚ್ಚುಕಮ್ಮಿ ಇಪ್ಪತ್ತು ವರ್ಷ. ನಡುರಾತ್ರಿ ಬರುವವರಲ್ಲಿ ಎರಡು ಥರ. ಒಬ್ಬರು ಮೂರು ದಿನದ ಕೆಮ್ಮಿಗೆ ‘ಒಂದು ಸೂಜಿ ಹಾಕಿ ಸಿಸ್ಟರ್’ ಅಂತ ಬರುತ್ತಾರೆ. ಇನ್ನೊಬ್ಬರು ಸಂಜೆ ಏಳಕ್ಕೆ ಶುರುವಾದ ಎದೆನೋವಿಗೆ ಜೀರಿಗೆ ಕಷಾಯ, ಸೋಡಾ, ಈನೋ ಎಲ್ಲ ಮುಗಿಸಿ ಎರಡು ಗಂಟೆಗೆ ಬರುತ್ತಾರೆ. ಮೊದಲನೆಯವರು ಬೆಳಗ್ಗೆ ಬರಬಹುದಿತ್ತು. ಎರಡನೆಯವರು ಏಳೂಕಾಲಿಗೇ ಹೊರಡಬೇಕಿತ್ತು.

ಬೇರೆಯವರ ಮಾತು ಯಾಕೆ, ನಮ್ಮ ಮನೆಯದ್ದೇ ಹೇಳುತ್ತೇನೆ. ಒಂದು ರಾತ್ರಿ ನಮ್ಮ ಭಾವನಿಗೆ ಎದೆ ಹಿಡಿದ ಹಾಗಾಯಿತು. ಅಕ್ಕ ನನಗೆ ಫೋನ್ ಮಾಡಿದಳು. ನಾನು ಬೇರೆ ಊರಲ್ಲಿ ಡ್ಯೂಟಿಯಲ್ಲಿದ್ದೆ. ‘ಹತ್ತಿರ ಯಾವುದು ತೆರೆದಿದೆಯೋ ಅಲ್ಲೇ ತೋರಿಸಿ’ ಅಂದುಬಿಟ್ಟೆ. ಹತ್ತಿರ ಒಂದು ಸಣ್ಣ ನರ್ಸಿಂಗ್ ಹೋಮ್‌ನ ಬೋರ್ಡ್ ಉರಿಯುತ್ತಿತ್ತು. ಒಳಗೆ ಇಸಿಜಿ ತೆಗೆಯುವವರೇ ಇರಲಿಲ್ಲ. ಗ್ಯಾಸ್ಟ್ರಿಕ್ ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದರು. ಬೆಳಗ್ಗೆ ಗೊತ್ತಾಯಿತು, ಅದು ಹಾರ್ಟ್ ಅಟ್ಯಾಕ್. ಭಾವ ಉಳಿದರು. ಆದರೆ ಈಗ ಒಂದು ಮಹಡಿ ಹತ್ತಿದರೆ ಏದುಸಿರು. ಇಪ್ಪತ್ತು ವರ್ಷದ ಅನುಭವ ಇದ್ದವಳು ನಾನು ಕೊಟ್ಟ ಸಲಹೆ ತಪ್ಪಾಗಿತ್ತು. ಹತ್ತಿರದ ಬಾಗಿಲಲ್ಲ, ಸರಿಯಾದ ಬಾಗಿಲು ಹೇಳಬೇಕಿತ್ತು.

ಬ್ರಿಟನ್‌ನಲ್ಲಿರುವ ನಮ್ಮ ಕನ್ನಡದ ಮಕ್ಕಳು ಊರಿಗೆ ಬಂದಾಗ ಅಲ್ಲಿನ ವ್ಯವಸ್ಥೆ ಹೇಳುತ್ತಾರೆ. ಸಂಜೆ 6.30ಕ್ಕೆ ಡಾಕ್ಟರ್ ಕ್ಲಿನಿಕ್ ಮುಚ್ಚಿದರೆ ಬೆಳಗ್ಗೆ 8ರವರೆಗೆ 111ಕ್ಕೆ ಫೋನ್. ಆ ಕಡೆಯವರು ಪ್ರಶ್ನೆ ಕೇಳಿ, ಮನೆಯಲ್ಲೇ ಇರಿ, ಇಂಥ ಕಡೆ ಹೋಗಿ, ಆಂಬುಲೆನ್ಸ್ ಕಳಿಸುತ್ತೇವೆ ಅಂತ ದಾರಿ ತೋರಿಸುತ್ತಾರೆ. ನಮ್ಮಲ್ಲಿ ರಾತ್ರಿ ಆ ಕೆಲಸ ಹೆಚ್ಚಾಗಿ ಮನೆಯವರದ್ದೇ. ಅದನ್ನು ಹೇಗೆ ಮಾಡಬೇಕು ಅನ್ನುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲ ಹೆಜ್ಜೆ: ಹಗಲಲ್ಲೇ ಊರು ಸುತ್ತಿ

ರಾತ್ರಿಯ ಅರ್ಧ ಕೆಲಸ ಹಗಲಲ್ಲೇ ಮುಗಿಯಬೇಕು. ಯಾವತ್ತಾದರೂ ಪೇಟೆಗೆ ಹೋದಾಗ ಒಂದು ಗಂಟೆ ಇದಕ್ಕೆ ಕೊಡಿ.

ಯಾವುದು ರಾತ್ರಿ ಮುಚ್ಚಿರುತ್ತದೆ ಅನ್ನುವುದು ಮೊದಲು ಗೊತ್ತಿರಲಿ. ಸರ್ಕಾರದ ‘ನಮ್ಮ ಕ್ಲಿನಿಕ್’ ಸಾಮಾನ್ಯವಾಗಿ ಬೆಳಗ್ಗೆ 9ರಿಂದ ಸಂಜೆ 4.30ರವರೆಗೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಓಪಿಡಿಯೂ ಹಗಲಿನದ್ದೇ. ಹೆರಿಗೆ ಮಾಡಿಸುವ 24 ಗಂಟೆಯ ಕೇಂದ್ರಗಳಲ್ಲಿ ರಾತ್ರಿ ನರ್ಸ್ ಇರುತ್ತಾರೆ, ಡಾಕ್ಟರ್ ಕರೆದರೆ ಬರುವ ಲೆಕ್ಕ. ಅಲ್ಲಿ ಹೆರಿಗೆ, ಪ್ರಥಮ ಚಿಕಿತ್ಸೆ ಆಗುತ್ತದೆ. ಎದೆನೋವಿಗೆ ಅದು ಸರಿಯಾದ ಜಾಗ ಅಲ್ಲ. ತಾಲ್ಲೂಕು ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ರಾತ್ರಿಯಿಡೀ ಡ್ಯೂಟಿ ಡಾಕ್ಟರ್ ಇರುತ್ತಾರೆ. ಹೆಚ್ಚಿನ ಕಡೆ ಒಬ್ಬರೇ. ಒಂದು ಕಡೆ ಆಕ್ಸಿಡೆಂಟ್, ಇನ್ನೊಂದು ಕಡೆ ವಿಷ ಕುಡಿದವರು. ನಿಮ್ಮನ್ನು ಕಾಯಿಸಿದರೆ ಅದು ಸೊಕ್ಕಲ್ಲ.

ಖಾಸಗಿ ಆಸ್ಪತ್ರೆಗಳ ಬಾಗಿಲಲ್ಲಿ ‘24 ಗಂಟೆ ಸೇವೆ’ ಅಂತ ಬರೆದಿರುತ್ತದೆ. ಅದನ್ನು ನಂಬಿ ಸುಮ್ನೆ ಬರಬೇಡಿ. ಒಳಗೆ ಹೋಗಿ ಕೇಳಿ. ರಾತ್ರಿ ಎಂಬಿಬಿಎಸ್ ಓದಿದ ಡಾಕ್ಟರ್ ಒಳಗೇ ಇರುತ್ತಾರಾ, ಮನೆಯಿಂದ ಬರಬೇಕಾ? ರಾತ್ರಿ ಇಸಿಜಿ ತೆಗೆಯುತ್ತಾರಾ? ಆಕ್ಸಿಜನ್ ಇದೆಯಾ? ಮಕ್ಕಳನ್ನು ನೋಡುತ್ತಾರಾ? ಸಿಟಿ ಸ್ಕ್ಯಾನ್ ಎಲ್ಲಿದೆ? ಕೌಂಟರ್‌ನಲ್ಲಿ ಕೂತವರು ತಡವರಿಸಿದರೆ ಉತ್ತರ ಸಿಕ್ಕಿತು ಅಂತಲೇ ತಿಳಿಯಿರಿ. ರಾತ್ರಿ ತೆರೆದಿರುವ ಮೆಡಿಕಲ್ ಸ್ಟೋರ್ ಯಾವುದು ಅಂತಲೂ ನೋಡಿಕೊಳ್ಳಿ. ಸಾಮಾನ್ಯವಾಗಿ ದೊಡ್ಡ ಆಸ್ಪತ್ರೆಯ ಎದುರಿಗೇ ಒಂದಿರುತ್ತದೆ.

ಭಾನುವಾರ ಮಧ್ಯಾಹ್ನ, ಯುಗಾದಿ, ಆಯುಧಪೂಜೆ, ದೀಪಾವಳಿ, ಇವೂ ‘ರಾತ್ರಿ’ಯೇ. ಕ್ಲಿನಿಕ್ ಬಾಗಿಲಿಗೆ ಬೀಗ ಬಿದ್ದಿದ್ದರೆ ಸೂರ್ಯ ನೆತ್ತಿ ಮೇಲಿದ್ದರೂ ಲೆಕ್ಕ ಅದೇ.

ಇಷ್ಟು ತಿಳಿದ ಮೇಲೆ ಒಂದು ಹಾಳೆ ತಗೊಳ್ಳಿ. ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ ಮೇಲೋ ಬೀರು ಬಾಗಿಲ ಒಳಗೋ ಅಂಟಿಸಿ. ಮೊಬೈಲ್‌ನಲ್ಲಿ ಇದ್ದರೆ ಸಾಲದು. ರಾತ್ರಿ ಚಾರ್ಜ್ ಇರುವುದಿಲ್ಲ, ಅಜ್ಜಿಗೆ ಲಾಕ್ ತೆಗೆಯಲು ಬರುವುದಿಲ್ಲ. ಹಾಳೆಯಲ್ಲಿ ಇವು ಇರಲಿ:

- 108, ಆಂಬುಲೆನ್ಸ್. 2008ರಿಂದ ಇರುವ ಆರೋಗ್ಯ ಕವಚ ಸೇವೆ, ದುಡ್ಡಿಲ್ಲ. 112 ಕೂಡ ಬರೆಯಿರಿ, ಅದು ಎಲ್ಲ ತುರ್ತಿಗೂ ಒಂದೇ ನಂಬರ್.
- 104, ಸರ್ಕಾರದ ಆರೋಗ್ಯ ಸಹಾಯವಾಣಿ. ಸಲಹೆಗೆ ಮಾತ್ರ. ಹಗಲಲ್ಲೇ ಒಮ್ಮೆ ಕರೆ ಮಾಡಿ ಲೈನ್ ಸಿಗುತ್ತಾ ನೋಡಿ.
- 14416, ಟೆಲಿ ಮಾನಸ್. ಮನಸ್ಸಿನ ತೊಂದರೆಗೆ, ರಾತ್ರಿಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.
- 1800 116 117, ದೆಹಲಿ ಏಮ್ಸ್‌ನ ವಿಷ ಮಾಹಿತಿ ಕೇಂದ್ರ.
- ನಿಮ್ಮ ಊರಿನ ಎರಡು ಆಸ್ಪತ್ರೆಯ ನಂಬರ್, ರಾತ್ರಿ ಗಾಡಿ ತೆಗೆಯುವ ಒಬ್ಬ ಆಟೋದವರ ನಂಬರ್, ಬೆಲ್ ಮಾಡಿದರೆ ಎದ್ದು ಬರುವ ಒಂದು ನೆರೆಮನೆ.
- ಮನೆಯ ವಿಳಾಸ, ಪೂರ್ತಿ. ನಗಬೇಡಿ. ಗಾಬರಿಯಲ್ಲಿ ಸ್ವಂತ ಮನೆ ನಂಬರ್ ಮರೆತವರನ್ನು ಬಹಳ ನೋಡಿದ್ದೇನೆ.

ಇದರ ಜೊತೆ ಒಂದು ಪ್ಲಾಸ್ಟಿಕ್ ಫೈಲ್. ಹಳೇ ಚೀಟಿಗಳು, ಕೊನೆಯ ಇಸಿಜಿ, ಈಗ ತಿನ್ನುತ್ತಿರುವ ಮಾತ್ರೆಗಳ ಪಟ್ಟಿ, ಯಾವ ಔಷಧಿ ಆಗಿಬರುವುದಿಲ್ಲ ಅನ್ನುವುದು, ರೇಷನ್ ಕಾರ್ಡ್ ಮತ್ತು ಆಧಾರ್ ಜೆರಾಕ್ಸ್. ಬಸುರಿ ಇದ್ದರೆ ತಾಯಿ ಕಾರ್ಡ್ ಅದರಲ್ಲೇ ಇರಬೇಕು. ಪಟ್ಟಿ ಬರೆಯಲು ಬೇಜಾರಾದರೆ ಮಾತ್ರೆಯ ಸ್ಟ್ರಿಪ್‌ಗಳನ್ನೇ ಕವರ್‌ನಲ್ಲಿ ಹಾಕಿ ತನ್ನಿ. ‘ಬಿಳಿ ಮಾತ್ರೆ, ಸಣ್ಣದು’ ಅಂದರೆ ಯಾವ ಡಾಕ್ಟರಿಗೂ ಅರ್ಥ ಆಗುವುದಿಲ್ಲ.

ಎರಡನೇ ಹೆಜ್ಜೆ: ಮೂರು ಗುಂಪು ಮಾಡಿ

ರಾತ್ರಿ ಯಾರಿಗಾದರೂ ಹುಷಾರು ತಪ್ಪಿದ ಕೂಡಲೇ ಕಾಯಿಲೆಯ ಹೆಸರು ಹುಡುಕಲು ಹೋಗಬೇಡಿ. ಹೆಸರು ಡಾಕ್ಟರ್ ಹೇಳುತ್ತಾರೆ. ನೀವು ಕೇಳಿಕೊಳ್ಳಬೇಕಾದ್ದು ಒಂದೇ: ಈಗಲೇ ಹೊರಡಬೇಕಾ, ಫೋನ್ ಮಾಡಿ ಕೇಳಬೇಕಾ, ಬೆಳಗಿನವರೆಗೆ ಕಾಯಬಹುದಾ?

ಈಗಲೇ ಹೊರಡಬೇಕಾದವು ಇವು. ಕೇಳಬೇಕಾದವು, ಕಾಯಬಹುದಾದವು ಮುಂದೆ ಜ್ವರ, ಭೇದಿ, ಬಿಪಿ ಮಾತಿನಲ್ಲಿ ಬರುತ್ತವೆ.

ಎದೆ ಹಿಡಿದ ಹಾಗೆ, ಭಾರ ಇಟ್ಟ ಹಾಗೆ ಆಗುವುದು. ಜೊತೆಗೆ ಬೆವರು, ಎಡಗೈ, ದವಡೆ ಅಥವಾ ಬೆನ್ನಿಗೆ ಹರಡುವ ನೋವು. ಸಕ್ಕರೆ ಕಾಯಿಲೆ ಇರುವವರಿಗೆ, ಹೆಂಗಸರಿಗೆ, ವಯಸ್ಸಾದವರಿಗೆ ನೋವು ಅಷ್ಟಾಗಿ ಇಲ್ಲದೆ ಬರೀ ಸುಸ್ತು, ವಾಂತಿ, ಉಸಿರುಕಟ್ಟು ಬರಬಹುದು. ‘ಗ್ಯಾಸ್ಟ್ರಿಕ್’ ಅನ್ನುವ ಪದ ನಮ್ಮ ಕಡೆ ಎಷ್ಟು ಜೀವ ತೆಗೆದಿದೆಯೋ! ಗ್ಯಾಸ್ ಹೌದೋ ಅಲ್ಲವೋ ಅನ್ನುವುದನ್ನು ಇಸಿಜಿ ನೋಡಿಯೇ ಹೇಳಬೇಕು. ಮೊದಲ ಇಸಿಜಿ ಸರಿಯಿದ್ದು ನೋವು ಹಾಗೇ ಇದ್ದರೆ ಮತ್ತೊಮ್ಮೆ ತೆಗೆಯಿರಿ ಅಂತ ಕೇಳುವುದರಲ್ಲಿ ತಪ್ಪಿಲ್ಲ. ರಾಜ್ಯದ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೆ. ಅಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ದೊಡ್ಡ ಆಸ್ಪತ್ರೆಯ ಹೃದ್ರೋಗ ತಜ್ಞರು ಕೂತಲ್ಲೇ ನೋಡುತ್ತಾರೆ. ಹಾರ್ಟ್ ಅಟ್ಯಾಕ್ ಹೌದಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ಹೊರಗೆ ಅದಕ್ಕೆ ಸಾವಿರಗಟ್ಟಲೆ ರೂಪಾಯಿ. ನಿಮ್ಮ ತಾಲ್ಲೂಕಿನಲ್ಲಿ ಇದೆಯಾ ಅಂತ ಹಗಲಲ್ಲೇ ಕೇಳಿಟ್ಟುಕೊಳ್ಳಿ. ನಮ್ಮ ಭಾವನಿಗೆ ಆ ಕಾಲಕ್ಕೆ ಇದು ಇರಲಿಲ್ಲ, ಆದರೆ ಇಸಿಜಿ ಇದ್ದ ಆಸ್ಪತ್ರೆ ಆರು ಕಿಲೋಮೀಟರ್ ಆಚೆಗಿತ್ತು.

ಗಾಡಿ ಬರುವವರೆಗೆ ಅವರನ್ನು ನಡೆಸಬೇಡಿ, ಒರಗಿಸಿ ಕೂರಿಸಿ. ಆಸ್ಪಿರಿನ್ ಅಲರ್ಜಿ, ಹೊಟ್ಟೆಯಲ್ಲಿ ರಕ್ತಸ್ರಾವ ಇಂಥದ್ದೇನೂ ಇಲ್ಲದ ದೊಡ್ಡವರಿಗೆ 300ರಿಂದ 325 ಎಂಜಿ ಆಸ್ಪಿರಿನ್ ಅಗಿಯಲು ಕೊಡಬಹುದು. 108ರವರನ್ನೋ ಡಾಕ್ಟರನ್ನೋ ಕೇಳಿಯೇ ಕೊಟ್ಟರೆ ಇನ್ನೂ ಒಳ್ಳೆಯದು. ಪಕ್ಕದ ಮನೆಯವರ ಸಾರ್ಬಿಟ್ರೇಟ್ ಮಾತ್ರೆಯನ್ನು ನಾಲಿಗೆ ಕೆಳಗೆ ಇಡಬೇಡಿ. ಬಿಪಿ ಧಡಕ್ಕನೆ ಇಳಿಯಬಹುದು.

ಬಾಯಿ ಒಂದು ಕಡೆ ಸೊಟ್ಟಗಾಗುವುದು, ಒಂದು ಕೈ ಎತ್ತಲಾಗದಿರುವುದು, ಮಾತು ತೊದಲುವುದು, ಇದು ಲಕ್ವ. ಇಲ್ಲಿ ಆಸ್ಪಿರಿನ್ ಕೊಡಲೇಬಾರದು. ಮಿದುಳಲ್ಲಿ ಹೆಪ್ಪೋ ರಕ್ತಸ್ರಾವವೋ ಅನ್ನುವುದು ಸಿಟಿ ಸ್ಕ್ಯಾನ್ ಆಗದೆ ಗೊತ್ತಾಗುವುದಿಲ್ಲ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡಿ. ಹಾಗಾಗಿ ಸ್ಕ್ಯಾನ್ ಇರುವ ಕಡೆಗೇ ನೇರ ಹೋಗಿ. ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಅಂತ ಬರೆದುಕೊಳ್ಳಿ. ಲಕ್ವಕ್ಕೆ ನಾಟಿ ಎಣ್ಣೆ ತಿಕ್ಕಿಸಲು ದೂರದ ಊರಿಗೆ ಕರೆದೊಯ್ದು ಮೂರನೇ ದಿನ ನಮ್ಮಲ್ಲಿಗೆ ತಂದವರಿದ್ದಾರೆ. ಆಗ ನಮಗೆ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ.

ಹಾವು ಕಚ್ಚಿದರೆ, ಕಚ್ಚಿದೆ ಅನ್ನುವ ಅನುಮಾನ ಬಂದರೂ ಹೊರಡಿ. ಬಿಗಿಯಾಗಿ ಹಗ್ಗ ಕಟ್ಟುವುದು, ಕೊಯ್ಯುವುದು, ಬಾಯಲ್ಲಿ ಹೀರುವುದು ಬೇಡ. ಕಚ್ಚಿದ ಕೈಕಾಲು ಅಲ್ಲಾಡಿಸದೆ ಮಲಗಿಸಿಕೊಂಡು ತನ್ನಿ. ಹಾವನ್ನು ಹಿಡಿದು ತರುವ ಸಾಹಸವೂ ಬೇಡ. ಕಟ್ಟುಹಾವಿನ ಬಗ್ಗೆ ಒಂದು ಮಾತು. ಅದು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವು, ಊತ, ಗುರುತು ಇಲ್ಲದೆಯೂ ಇರಬಹುದು. ನಸುಕಿನಲ್ಲಿ ಹೊಟ್ಟೆನೋವು, ವಾಂತಿ ಅಂತ ಎದ್ದವರ ಕಣ್ಣುರೆಪ್ಪೆ ಜೋತು ಬೀಳುತ್ತಿದ್ದರೆ, ನುಂಗಲು ಕಷ್ಟ ಆಗುತ್ತಿದ್ದರೆ ಅದನ್ನು ಅಜೀರ್ಣ ಅನ್ನಬೇಡಿ. ಹಾವಿನ ವಿಷದ ಇಂಜೆಕ್ಷನ್ ತಾಲ್ಲೂಕು ಆಸ್ಪತ್ರೆಯಲ್ಲಿ ಉಚಿತ. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಪಟ್ಟಿಗೆ ಸೇರಿಸಿದೆ.

ಇನ್ನುಳಿದವನ್ನು ಬೇಗ ಹೇಳಿಬಿಡುತ್ತೇನೆ. ಉಸಿರಾಡಲು ಕಷ್ಟ, ಪ್ರಜ್ಞೆ ತಪ್ಪುವುದು, ಐದು ನಿಮಿಷ ದಾಟಿದ ಫಿಟ್ಸ್, ರಕ್ತ ವಾಂತಿ, ನಿಲ್ಲದ ರಕ್ತ, ತಲೆಗೆ ಪೆಟ್ಟಾಗಿ ವಾಂತಿ, ಬಸುರಿಯಲ್ಲಿ ರಕ್ತ ಹೋಗುವುದು, ತೀವ್ರ ತಲೆನೋವು ಅಥವಾ ಮಗು ಮಿಸುಕಾಡದಿರುವುದು, ವಿಷ ಸೇವನೆ. ವಿಷ ಕುಡಿದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಬಾಟಲಿಯನ್ನು ಜೊತೆಗೆ ತನ್ನಿ. ಫಿಟ್ಸ್ ಬಂದವರ ಬಾಯಿಗೆ ಚಮಚ ತುರುಕಬೇಡಿ, ಕೈಗೆ ಬೀಗದ ಕೈ ಕೊಡಬೇಡಿ. ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ. ಸುಟ್ಟ ಗಾಯಕ್ಕೆ 20 ನಿಮಿಷ ನಲ್ಲಿ ನೀರು, ಟೂತ್‌ಪೇಸ್ಟ್ ಬೇಡ. ನಾಯಿ ಕಚ್ಚಿದರೆ 15 ನಿಮಿಷ ಸೋಪು ಹಾಕಿ ಹರಿಯುವ ನೀರಲ್ಲಿ ತೊಳೆದು ಹೊರಡಿ. ರಕ್ತ ಬಂದಿದ್ದರೆ ಲಸಿಕೆ ಮಾತ್ರ ಸಾಲದು, ಗಾಯಕ್ಕೆ ಇಮ್ಯುನೋಗ್ಲಾಬ್ಯುಲಿನ್ ಅನ್ನುವ ಇಂಜೆಕ್ಷನ್ ಕೂಡ ಬೇಕು, ಕೇಳಿ ಹಾಕಿಸಿಕೊಳ್ಳಿ.

ದೃಷ್ಟಿ ತೆಗೆಯಬೇಕು ಅಂತ ಅಜ್ಜಿ ಹಟ ಹಿಡಿದರೆ? ತೆಗೆಯಲಿ, ಎರಡು ನಿಮಿಷದ ಕೆಲಸ. ಅಷ್ಟರಲ್ಲಿ ಗಾಡಿ ಬಾಗಿಲಿಗೆ ಬರಲಿ. ‘ಅಮಾವಾಸ್ಯೆ ಕಳೆಯಲಿ’ ಅಂದರೆ ಮಾತ್ರ ಒಪ್ಪಬೇಡಿ.

ಮಗುವಿಗೆ ಜ್ವರ: ನಡುರಾತ್ರಿಯ ಲೆಕ್ಕ

ಇದಕ್ಕೆ ಬೇರೆಯೇ ಜಾಗ ಕೊಡಬೇಕು. ರಾತ್ರಿ ಅತಿ ಹೆಚ್ಚು ಗಾಬರಿ ಹುಟ್ಟಿಸುವುದು ಇದೇ.

ಕೈ ಇಟ್ಟು ‘ಮೈ ಸುಡ್ತಿದೆ’ ಅನ್ನಬೇಡಿ. ಡಿಜಿಟಲ್ ಥರ್ಮಾಮೀಟರ್ ಕಂಕುಳಲ್ಲಿ ಇಡಿ. ಮಗುವಿಗೆ ಮೂರು ತಿಂಗಳು ತುಂಬಿಲ್ಲದಿದ್ದು 100.4 ಡಿಗ್ರಿ ಅಥವಾ ಜಾಸ್ತಿ ಬಂದರೆ ಮನೆಯಲ್ಲಿ ಔಷಧಿ ಹಾಕಬೇಡಿ. ರಾತ್ರಿ ಎಷ್ಟೇ ಹೊತ್ತಾಗಿರಲಿ, ಆಸ್ಪತ್ರೆಗೆ ಹೋಗಿ.

ಅದಕ್ಕಿಂತ ದೊಡ್ಡ ಮಗುವಾದರೆ ಥರ್ಮಾಮೀಟರ್‌ಗಿಂತ ಮಗುವನ್ನು ನೋಡಿ. 103 ಡಿಗ್ರಿಯಲ್ಲೂ ಔಷಧಿ ಹಾಕಿದ ಮೇಲೆ ಆಟ ಆಡುವ ಮಗು ಬೆಳಗಿನವರೆಗೆ ಕಾಯಬಹುದು. 100 ಡಿಗ್ರಿಯಲ್ಲೂ ಹಾಲು ಕುಡಿಯದೆ, ಕುಡಿದದ್ದೆಲ್ಲ ಕಕ್ಕುತ್ತಾ, ಎಬ್ಬಿಸಿದರೂ ಏಳದೆ ಮಂಕಾಗಿರುವ ಮಗು ಕಾಯಬಾರದು. ಫಿಟ್ಸ್ ಬಂದರೂ, ಕುತ್ತಿಗೆ ಬಿಗಿದಿದ್ದರೂ, ಒತ್ತಿದರೆ ಮಾಯವಾಗದ ಕೆಂಪು ಚುಕ್ಕೆ ಕಂಡರೂ ಹೊರಡಿ.

ಕೆಮ್ಮು ಇದ್ದರೆ ಅಂಗಿ ಎತ್ತಿ, ಮಗು ಅಳದೆ ಇರುವಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷದವರೆಗೆ 40. ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಅಥವಾ ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ ನ್ಯುಮೋನಿಯಾ ಇರಬಹುದು. ಆಗ ಬೆಳಗಾಗಲಿ ಅನ್ನುವ ಮಾತಿಲ್ಲ.

ಈಗ ಔಷಧಿ. ಪ್ಯಾರಾಸಿಟಮಾಲ್ ಲೆಕ್ಕ ವಯಸ್ಸಿನ ಮೇಲಲ್ಲ, ತೂಕದ ಮೇಲೆ. ಒಂದು ಕಿಲೋಗೆ 15 ಎಂಜಿ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲ ಮೀರಬಾರದು. 10 ಕಿಲೋ ಮಗುವಿಗೆ ಒಂದು ಸಲಕ್ಕೆ 150 ಎಂಜಿ. ಇಲ್ಲೇ ಎಡವುವುದು. ಬಾಟಲಿಗಳು ನೋಡಲು ಒಂದೇ ಥರ, ಒಳಗಿನ ಗಾಢತೆ ಬೇರೆ ಬೇರೆ. 5 ಎಂಎಲ್‌ಗೆ 125 ಎಂಜಿ ಇರುವ ಸಿರಪ್ ಆದರೆ ಈ ಮಗುವಿಗೆ 6 ಎಂಎಲ್. 5 ಎಂಎಲ್‌ಗೆ 250 ಎಂಜಿ ಇರುವುದಾದರೆ 3 ಎಂಎಲ್. 1 ಎಂಎಲ್‌ಗೆ 100 ಎಂಜಿ ಇರುವ ಡ್ರಾಪ್ಸ್ ಆದರೆ ಬರೀ ಒಂದೂವರೆ ಎಂಎಲ್. ಸಿರಪ್ ಅಂದುಕೊಂಡು ಡ್ರಾಪ್ಸ್ 6 ಎಂಎಲ್ ಹಾಕಿದರೆ 600 ಎಂಜಿ ಹೋಯಿತು, ನಾಲ್ಕು ಪಟ್ಟು! ನಿದ್ದೆಗಣ್ಣಲ್ಲಿ ಈ ತಪ್ಪು ಸುಲಭ. ಹಾಗಾಗಿ ಹಗಲಲ್ಲೇ ಬಾಟಲಿಯ ಮೇಲೆ ಮಗುವಿನ ಹೆಸರು ಮತ್ತು ಇಷ್ಟು ಎಂಎಲ್ ಅಂತ ಪೆನ್ನಲ್ಲಿ ಬರೆದಿಡಿ. ಅಡುಗೆಮನೆ ಚಮಚ ಬೇಡ, ಸೂಜಿ ಇಲ್ಲದ ಸಿರಿಂಜ್‌ನಿಂದ ಅಳೆಯಿರಿ. ಕೊಟ್ಟ ಸಮಯವನ್ನೂ ಬರೆಯಿರಿ. ಇಲ್ಲದಿದ್ದರೆ ಅಮ್ಮ ಒಮ್ಮೆ, ಅದು ಗೊತ್ತಿಲ್ಲದೆ ಅಪ್ಪ ಒಮ್ಮೆ ಕೊಡುತ್ತಾರೆ.

ಮಕ್ಕಳಿಗೆ ಆಸ್ಪಿರಿನ್ ಬೇಡವೇ ಬೇಡ. ಡೆಂಗಿ ಸೀಸನ್‌ನಲ್ಲಿ ದೊಡ್ಡವರಿಗೂ ಜ್ವರಕ್ಕೆ ಆಸ್ಪಿರಿನ್, ಐಬುಪ್ರೊಫೆನ್ ಬೇಡ. ಡೆಂಗಿಯಲ್ಲಿ ಇನ್ನೊಂದು ವಿಷಯ: ಜ್ವರ ಇಳಿದ ದಿನವೇ ಅಪಾಯ ಶುರು. ‘ಜ್ವರ ಬಿಟ್ಟಿತಲ್ಲ’ ಅಂತ ಮಲಗಿದ ರಾತ್ರಿ ಹೊಟ್ಟೆನೋವು, ಬಿಡದ ವಾಂತಿ, ಒಸಡಲ್ಲಿ ರಕ್ತ, ಚಡಪಡಿಕೆ ಕಂಡರೆ ಹೊರಡಿ.

ಕೆಮ್ಮಿನ ಸಿರಪ್ ಬಗ್ಗೆ: ಮನೆಯಲ್ಲಿರುವ ಹಳೇ ಬಾಟಲಿ ತೆಗೆಯಬೇಡಿ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದ ಪುಟ್ಟ ಮಕ್ಕಳು ಕಿಡ್ನಿ ಕೆಟ್ಟು ತೀರಿಕೊಂಡರು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿ ಔಷಧಿ ಕೊಡಬಾರದು, ಐದು ವರ್ಷದೊಳಗೆ ಸಾಮಾನ್ಯವಾಗಿ ಬೇಡ ಅಂತ ಕೇಂದ್ರದ ಆರೋಗ್ಯ ಇಲಾಖೆಯೇ ಆಗ ಹೇಳಿತು. ಮೂಗಿಗೆ ಉಪ್ಪುನೀರಿನ ಹನಿ ಸಾಕು.

ಭೇದಿ, ಶುಗರ್, ಬಿಪಿ

ವಾಂತಿ ಭೇದಿಗೆ ರಾತ್ರಿ ಮಾಡಬೇಕಾದ ಕೆಲಸ ಮನೆಯಲ್ಲೇ ಜಾಸ್ತಿ. ಓಆರ್‌ಎಸ್ ಪುಡಿ ಯಾವಾಗಲೂ ಎರಡು ಪ್ಯಾಕೆಟ್ ಇರಲಿ. ದೊಡ್ಡ ಪ್ಯಾಕೆಟ್ ಆದರೆ ಒಂದು ಲೀಟರ್ ನೀರಿಗೆ ಪೂರ್ತಿ, ಸಣ್ಣದಾದರೆ 200 ಎಂಎಲ್‌ಗೆ. ಅರ್ಧ ಪ್ಯಾಕೆಟ್ ಲೋಟಕ್ಕೆ ಹಾಕುವ ಅಂದಾಜು ಬೇಡ. ಗಟ್ಟಿಯಾದರೆ ಮಗುವಿನ ಮೈಯಲ್ಲಿ ಉಪ್ಪು ಏರುತ್ತದೆ. ಪ್ಯಾಕೆಟ್ ಇಲ್ಲವಾ? ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಸಮತಟ್ಟಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಪ್ರತಿ ಸಲ ಭೇದಿ ಆದಾಗ ಎರಡು ವರ್ಷದೊಳಗಿನವರಿಗೆ 50ರಿಂದ 100 ಎಂಎಲ್, ದೊಡ್ಡ ಮಕ್ಕಳಿಗೆ 100ರಿಂದ 200 ಎಂಎಲ್. ಗಟಗಟ ಕುಡಿಸಿದರೆ ವಾಂತಿ ಆಗುತ್ತದೆ. ಚಮಚದಲ್ಲಿ, ಗುಟುಕು ಗುಟುಕಾಗಿ. ಗಂಜಿ, ಮಜ್ಜಿಗೆ, ಎದೆಹಾಲು ಯಾವುದೂ ನಿಲ್ಲಿಸಬೇಡಿ. ಅಂಗಡಿಯ ಸಿಹಿ ಟೆಟ್ರಾಪ್ಯಾಕ್ ಓಆರ್‌ಎಸ್ ಅಲ್ಲ. 2025ರ ಅಕ್ಟೋಬರ್‌ನಲ್ಲಿ ಅಂಥ ಪಾನೀಯಗಳ ಮೇಲೆ ಆ ಹೆಸರು ಬಳಸಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶ ಮಾಡಿದೆ. ಕಣ್ಣು ಗುಳಿ ಬಿದ್ದರೆ, ಆರೇಳು ಗಂಟೆಯಿಂದ ಮೂತ್ರ ಇಲ್ಲದಿದ್ದರೆ, ಮಲದಲ್ಲಿ ರಕ್ತ ಬಂದರೆ ಆಸ್ಪತ್ರೆ.

ಶುಗರ್ ಇರುವವರು ರಾತ್ರಿ ಬೆವರಿ, ನಡುಗಿ, ಏನೇನೋ ಮಾತಾಡಿದರೆ ಮೊದಲು ಶುಗರ್ ನೋಡಿ. 70ಕ್ಕಿಂತ ಕಡಿಮೆ ಇದ್ದರೆ, ಅಥವಾ ನೋಡಲು ಮಿಷನ್ನೇ ಇಲ್ಲದಿದ್ದರೆ, ಮೂರು ನಾಲ್ಕು ಚಮಚ ಸಕ್ಕರೆ ನೀರಲ್ಲಿ ಕರಗಿಸಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕಬೇಡಿ, 108 ಕರೆಯಿರಿ. ಗ್ಲಿಮೆಪಿರೈಡ್ ಥರದ ಮಾತ್ರೆ ತಿನ್ನುವವರು ಚೇತರಿಸಿಕೊಂಡ ಮೇಲೂ ಆಸ್ಪತ್ರೆಗೆ ಬರಬೇಕು. ಗಂಟೆಗಟ್ಟಲೆ ಆದ ಮೇಲೂ ಶುಗರ್ ಮತ್ತೆ ಬೀಳಬಹುದು.

ಬಿಪಿ ಕಥೆ ಉಲ್ಟಾ. ನಿದ್ದೆ ಬರಲಿಲ್ಲ ಅಂತ ರಾತ್ರಿ ಮಿಷನ್ ಕಟ್ಟಿಕೊಂಡು, 170/100 ಕಂಡು, ಆ ಗಾಬರಿಗೇ 190 ಮಾಡಿಕೊಂಡು ಬರುವವರು ಬಹಳ. ಎದೆನೋವು, ಉಸಿರುಕಟ್ಟು, ಕೈಕಾಲು ಸೋಲುವುದು, ಕಣ್ಣು ಮಂಜಾಗುವುದು, ವಿಪರೀತ ತಲೆನೋವು ಇವ್ಯಾವುದೂ ಇಲ್ಲದಿದ್ದರೆ ಐದು ಹತ್ತು ನಿಮಿಷ ಸುಮ್ನೆ ಕೂತು ಮತ್ತೆ ನೋಡಿ. ಮರೆತ ಮಾತ್ರೆ ಇದ್ದರೆ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಬೆಳಗ್ಗೆ ತೋರಿಸಿ. ಬಸುರಿಯಾದರೆ ಮಾತ್ರ ಈ ಸಮಾಧಾನ ಬೇಡ, ಹೊರಡಿ.

108ಕ್ಕೆ ಕರೆ ಮಾಡುವಾಗ

ಅಳಬೇಡಿ ಅನ್ನುವುದು ಸುಲಭ, ನನಗೂ ಗೊತ್ತು. ಆದರೆ ಮಾತಾಡಲು ಮನೆಯಲ್ಲಿ ಸ್ವಲ್ಪ ಗಟ್ಟಿ ಇರುವವರಿಗೆ ಫೋನ್ ಕೊಡಿ. ಊರಿನ ಹೆಸರು ಮಾತ್ರ ಹೇಳಿದರೆ ಸಾಲದು. ಹೊಸಹಳ್ಳಿ ಅಂದರೆ ಯಾವ ಹೊಸಹಳ್ಳಿ? ಹೋಬಳಿ, ತಾಲ್ಲೂಕು, ಯಾವ ಕ್ರಾಸ್‌ನಲ್ಲಿ ತಿರುಗಬೇಕು, ದೇವಸ್ಥಾನವೋ ಹಾಲಿನ ಡೈರಿಯೋ ಒಂದು ಗುರುತು. ಆಮೇಲೆ ರೋಗಿಯ ವಯಸ್ಸು, ಏನಾಗಿದೆ, ಉಸಿರಾಡುತ್ತಿದ್ದಾರಾ, ಮಾತಾಡಿಸಿದರೆ ಓಗೊಡುತ್ತಾರಾ. ಅವರೇ ಇಡಲಿ, ನೀವು ಫೋನ್ ಇಡಬೇಡಿ. ಆಂಬುಲೆನ್ಸ್ ಓಡಿಸುವವರಿಗೆ ಅಲ್ಲಿ ಪೈಲಟ್ ಅನ್ನುತ್ತಾರೆ. ಅವರು ದಾರಿ ಕೇಳಲು ನಿಮ್ಮ ನಂಬರಿಗೇ ಕರೆ ಮಾಡುತ್ತಾರೆ. ಹಾಗಾಗಿ ಅದೇ ಫೋನ್‌ನಿಂದ ನೆಂಟರಿಗೆಲ್ಲ ಸುದ್ದಿ ಹೇಳುತ್ತಾ ಕೂರಬೇಡಿ. ಒಬ್ಬರು ಟಾರ್ಚ್ ಹಿಡಿದು ರಸ್ತೆಗೆ ಹೋಗಲಿ. ಗೇಟ್ ತೆಗೆಯಿರಿ, ನಾಯಿ ಕಟ್ಟಿ.

ಆಂಬುಲೆನ್ಸ್ ತಡ ಅನ್ನಿಸಿದರೆ ಸ್ವಂತ ಗಾಡಿಯಲ್ಲಿ ಹೊರಡಬಹುದಾ? ಹಾವು ಕಡಿತ, ಮಗುವಿನ ಜ್ವರ ಆದರೆ ಕಾಯುವುದಕ್ಕಿಂತ ಹೊರಡುವುದೇ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಬೆನ್ನುಮೂಳೆಗೆ ಪೆಟ್ಟಾದವರನ್ನು, ಉಸಿರಿಗೆ ಒದ್ದಾಡುವವರನ್ನು ಆದಷ್ಟು ಆಂಬುಲೆನ್ಸ್‌ನಲ್ಲೇ ತನ್ನಿ. ಎದೆನೋವಿನವರು ತಾವೇ ಬೈಕ್ ಓಡಿಸಿಕೊಂಡು ಬರುವುದಂತೂ ಬೇಡ. ಅದನ್ನೂ ನೋಡಿದ್ದೇನೆ. ಹೊರಡುವಾಗ ಆಸ್ಪತ್ರೆಗೆ ಒಂದು ಫೋನ್ ಹಾಕಿ: ‘ಎದೆನೋವಿನ ಕೇಸ್ ತರುತ್ತಿದ್ದೇವೆ, ಡಾಕ್ಟರ್ ಇದ್ದಾರಾ, ಇಸಿಜಿ ಆಗುತ್ತಾ?’ ಇಲ್ಲ ಅಂದರೆ ದಾರಿಯಲ್ಲೇ ತಿರುಗಿಸಬಹುದಲ್ವಾ.

ಕ್ಯಾಶುವಾಲ್ಟಿಯ ಒಳಗೆ

ರೋಗಿಯ ಜೊತೆ ಇಬ್ಬರು ಸಾಕು. ಒಬ್ಬರು ಚೀಟಿ ಮಾಡಿಸಲು, ಒಬ್ಬರು ಪಕ್ಕದಲ್ಲಿರಲು. ಹನ್ನೆರಡು ಜನ ಮಂಚ ಸುತ್ತಿಕೊಂಡರೆ ನಾವು ನರ ಹುಡುಕುವುದಾದರೂ ಹೇಗೆ!

ಹೇಳುವಾಗ ಕಥೆಯನ್ನು ಕೊನೆಯಿಂದ ಶುರು ಮಾಡಿ. ‘ಮೊನ್ನೆ ಮದುವೆಗೆ ಹೋಗಿದ್ವಿ, ಅಲ್ಲಿ ಹೋಳಿಗೆ...’ ಅಂತ ಅಲ್ಲ. ‘ಒಂದು ಗಂಟೆಯಿಂದ ಎದೆನೋವು, 58 ವರ್ಷ, ಶುಗರ್ ಇದೆ, ಈ ಮಾತ್ರೆಗಳು, ಪೆನ್ಸಿಲಿನ್ ಆಗುವುದಿಲ್ಲ, ಮನೆಯಲ್ಲಿ ಇಂತಿಂಥದ್ದು ಕೊಟ್ಟಿದ್ದೇವೆ’. ಇಷ್ಟು ಸಾಕು. ನಾಟಿ ಔಷಧಿ ಕೊಟ್ಟಿದ್ದರೆ, ಕುಡಿದಿದ್ದರೆ ಮುಚ್ಚಿಡಬೇಡಿ. ನಾವು ಬೈಯಬಹುದು, ಬೈಸಿಕೊಳ್ಳಿ. ಗೊತ್ತಿಲ್ಲದೆ ತಪ್ಪು ಇಂಜೆಕ್ಷನ್ ಹೋಗುವುದಕ್ಕಿಂತ ವಾಸಿ.

‘ಗ್ಲೂಕೋಸ್ ಹಾಕಿ, ಶಕ್ತಿ ಬರುತ್ತೆ’ ಅನ್ನುವ ಕೋರಿಕೆ ಬಗ್ಗೆ ಒಂದು ಲೆಕ್ಕ ಕೊಡುತ್ತೇನೆ. 5 ಪರ್ಸೆಂಟ್‌ನ ಅರ್ಧ ಲೀಟರ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಗ್ಲೂಕೋಸ್. ಅಂದರೆ ಐದಾರು ಚಮಚ ಸಕ್ಕರೆ. ಬಾಯಲ್ಲಿ ಕುಡಿಯಲು ಆಗುವವರಿಗೆ ಒಂದು ದೊಡ್ಡ ಲೋಟ ಪಾನಕ ಕೊಟ್ಟಷ್ಟೇ. ವೈರಲ್ ಜ್ವರಕ್ಕೆ ಆ್ಯಂಟಿಬಯಾಟಿಕ್ ಬೇಡ ಅಂತ ಡಾಕ್ಟರ್ ಹೇಳಿದರೆ ಅವರು ನಿಮ್ಮ ಕಾಳಜಿ ಮಾಡಿದ್ದಾರೆ ಅಂತ ತಿಳಿಯಿರಿ, ಜಿಪುಣತನ ಅಲ್ಲ.

ಆಕ್ಸಿಡೆಂಟ್, ವಿಷ, ಸುಟ್ಟ ಗಾಯ, ಹೊಡೆದಾಟ ಇವನ್ನು ಎಂಎಲ್‌ಸಿ (ಮೆಡಿಕೋ ಲೀಗಲ್ ಕೇಸ್) ಅಂತ ಬರೆದು ಪೊಲೀಸರಿಗೆ ತಿಳಿಸುತ್ತಾರೆ. ಅದು ಆಸ್ಪತ್ರೆಯ ಕೆಲಸ, ನಿಮ್ಮ ಮೇಲಿನ ಕೇಸಲ್ಲ. ಚಿಕಿತ್ಸೆ ಅದಕ್ಕಾಗಿ ಕಾಯಬಾರದು. 1989ರಲ್ಲೇ ಸುಪ್ರೀಂ ಕೋರ್ಟ್ ಪರಮಾನಂದ ಕಟಾರಾ ಪ್ರಕರಣದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ, ಸರ್ಕಾರಿ ಖಾಸಗಿ ಎರಡಕ್ಕೂ. ರಸ್ತೆಯಲ್ಲಿ ಬಿದ್ದ ಅಪರಿಚಿತರನ್ನು ತಂದವರಿಗೂ ಕಾನೂನಿನ ರಕ್ಷಣೆ ಇದೆ, ಹೆಸರು ಹೇಳಲೇಬೇಕೆಂದಿಲ್ಲ. ಮುಂಗಡ ಹಣ ಇಲ್ಲ ಅನ್ನುವ ಕಾರಣಕ್ಕೆ ತುರ್ತು ಪ್ರಥಮ ಚಿಕಿತ್ಸೆಯನ್ನು ಖಾಸಗಿ ಆಸ್ಪತ್ರೆ ನಿರಾಕರಿಸುವಂತಿಲ್ಲ. ಇದನ್ನು ಜಗಳದ ದನಿಯಲ್ಲಿ ಹೇಳಬೇಡಿ, ಮೆಲ್ಲಗೆ ಹೇಳಿದರೆ ಕೆಲಸ ಬೇಗ ಆಗುತ್ತದೆ.

ದೊಡ್ಡ ಆಸ್ಪತ್ರೆಗೆ ಕಳಿಸುತ್ತೇವೆ ಅಂದರೆ ನಾಲ್ಕು ವಿಷಯ ಕೇಳಿ: ಯಾಕೆ, ಎಲ್ಲಿಗೆ, ಅಲ್ಲಿ ಬೆಡ್ ಇದೆಯಾ ಅಂತ ಫೋನ್ ಮಾಡಿದ್ದೀರಾ, ಇಲ್ಲಿ ಏನೇನು ಕೊಟ್ಟಿದ್ದೀರಿ. ಕೊಟ್ಟ ಇಂಜೆಕ್ಷನ್ ಮತ್ತು ಸಮಯ ರೆಫರಲ್ ಚೀಟಿಯಲ್ಲಿ ಬರೆದಿರಬೇಕು. ಸರ್ಕಾರದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ತುರ್ತು ಕಾಯಿಲೆಗಳಿಗೆ ನೋಂದಾಯಿತ ಖಾಸಗಿ ಆಸ್ಪತ್ರೆಗೆ ನೇರ ಹೋಗಲೂ ಅವಕಾಶ ಇದೆ. ಅಲ್ಲಿ ಈ ಯೋಜನೆಗೆ ಸಹಾಯ ಮಾಡುವ ಆರೋಗ್ಯಮಿತ್ರ ಯಾರು ಅಂತ ಕೇಳಿ, ಮೊದಲೇ. ಬಿಲ್ ಆದ ಮೇಲಲ್ಲ.

ಬೆಳಗಾದ ಮೇಲೆ

ರಾತ್ರಿ ಡಾಕ್ಟರ್ ಬರೆಯುವುದು ಒಂದೆರಡು ದಿನದ ಮಾತ್ರೆ. ಅದು ಪೂರ್ತಿ ಚಿಕಿತ್ಸೆ ಅಲ್ಲ. ಮನೆಗೆ ಕಳಿಸುವ ಮುಂಚೆ ‘ಏನಾದರೆ ಮತ್ತೆ ಬರಬೇಕು?’ ಅಂತ ಕೇಳಿ, ಚೀಟಿಯ ಹಿಂದೆ ಬರೆದುಕೊಳ್ಳಿ. ಆ ಚೀಟಿಯನ್ನು ಮಾರನೇ ದಿನವೇ ನಿಮ್ಮ ಮಾಮೂಲಿ ಡಾಕ್ಟರಿಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತೋರಿಸಿ. ನಾಯಿ ಕಡಿತದ ಲಸಿಕೆ ಆದರೆ ಮುಂದಿನ ತಾರೀಖುಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಗಾಯ ಒಣಗಿತು ಅಂತ ಮೂರನೇ ಡೋಸ್‌ಗೆ ಬರುವುದೇ ಇಲ್ಲ ನಮ್ಮ ಜನ.

ಲೋಟದಲ್ಲಿ ಉಳಿದ ಓಆರ್‌ಎಸ್ 24 ಗಂಟೆ ಆಗಿದ್ದರೆ ಚೆಲ್ಲಿ. ಥರ್ಮಾಮೀಟರ್ ತೊಳೆದು ಅದರ ಜಾಗಕ್ಕೆ ಇಡಿ. ಎಷ್ಟು ಮಾತ್ರೆ ಖರ್ಚಾಯಿತು ನೋಡಿ, ಅದೇ ದಿನ ಸಂಜೆ ಅಂಗಡಿ ಮುಚ್ಚುವುದರೊಳಗೆ ತಂದು ಡಬ್ಬಿಗೆ ಹಾಕಿ. ಹೊಸ ಇಸಿಜಿ ಫೈಲ್‌ಗೆ ಸೇರಲಿ. ಆ ಕಾಗದದ ಮೇಲಿನ ಗೆರೆ ಬೇಗ ಮಾಸುತ್ತದೆ, ಒಂದು ಜೆರಾಕ್ಸ್ ಮಾಡಿಸಿಡಿ.